ಟೀಚರ್ ಮನೆಯ ಬೂದು ಹಜಾರ

ಒಂದೇ ಬಣ್ಣ ಇರಬೇಕು, ಯಾವುದೂ ಹೊಳೆಯಬಾರದು, ನೆಲದ ಮೇಲೆ ಸಾಮಾನು ಇರಬಾರದು. ಮೊದಲ ದಿನ ಟೀಚರ್ ನನಗೆ ಹೇಳಿದ್ದು ಇಷ್ಟೇ. ಯಾವ ಬಣ್ಣ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ಒಲೆಯ ಬೂದಿಯ ಬಣ್ಣ ಎಂದರು.

ನಾನಾಗ ಮೈಸೂರಿನ ಒಬ್ಬ ಆರ್ಕಿಟೆಕ್ಟರ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದೆ. ನನ್ನ ಮನೆ ನಂಜನಗೂಡಿನಲ್ಲಿ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ತಿರುಮಕೂಡಲು ನರಸೀಪುರದ ವಕೀಲರೊಬ್ಬರು ತಮ್ಮ ಮನೆಯ ಹಜಾರವನ್ನು ಹೊಸದಾಗಿ ಮಾಡಿಸಬೇಕೆಂದು ಬಂದಾಗ, ನಮ್ಮ ಸಾಹೇಬರು ಅದು ಸಣ್ಣ ಕೆಲಸ ಎಂದೂ, ನನ್ನ ಊರಿನಿಂದ ಒಂದೇ ಬಸ್ಸು ಎಂದೂ ಹೇಳಿ ಪೂರ್ತಿ ನನಗೆ ಬಿಟ್ಟುಕೊಟ್ಟರು. ನಕ್ಷೆಯಿಂದ ಹಿಡಿದು ಕೊನೆಯ ಕೈ ಬಣ್ಣದವರೆಗೆ ನನ್ನದೇ ಎನ್ನಿಸಿಕೊಂಡ ಮೊದಲ ಕೆಲಸ ಅದು. ಟೀಚರ್ ಆ ವಕೀಲರ ಹೆಂಡತಿ. ಅದೇ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದರು. ನಲವತ್ತೈದರ ಆಸುಪಾಸಿನ ವಯಸ್ಸು. ಹೆಚ್ಚು ಮಾತಿಲ್ಲ.

ಹಳೆಯ ಹಜಾರ ಉದ್ದಕ್ಕಿತ್ತು. ಭುಜದೆತ್ತರದವರೆಗೆ ಹಸಿರು ಎಣ್ಣೆ ಬಣ್ಣ, ಅದರ ಮೇಲೆ ಹಳದಿ ಸುಣ್ಣ, ಕೆಳಗೆ ಉಜ್ಜಿ ಉಜ್ಜಿ ಕನ್ನಡಿಯ ಹಾಗಾದ ಕೆಂಪು ನೆಲ. ಪಶ್ಚಿಮದ ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ನೇರವಾಗಿ ನೆಲಕ್ಕೆ ಬಿದ್ದು ಅಲ್ಲಿಂದ ಗೋಡೆಗೆ ಪುಟಿಯುತ್ತಿತ್ತು. ಬನ್ನೂರಿನ ಕಡೆಯಿಂದ ಬರುವ ಕಕ್ಷಿದಾರರಿಗೆ ಬೆಂಚು, ಅದರ ಪಕ್ಕ ಫೈಲುಗಳ ಕಟ್ಟು, ಹೊಲಿಗೆ ಯಂತ್ರ, ಟ್ರಂಕುಗಳು, ಗೋಡೆ ತುಂಬ ಕ್ಯಾಲೆಂಡರು. ವಕೀಲರಿಗೆ ಇದ್ಯಾವುದೂ ತೊಂದರೆ ಎನ್ನಿಸಿರಲಿಲ್ಲ. ಅವರ ಆಸೆಯೆಲ್ಲ ಮೆರೂನ್ ರೆಕ್ಸಿನ್ನಿನ ಸೋಫಾ ಸೆಟ್ಟು ಮತ್ತು ಗಾಜಿನ ಷೋಕೇಸಿನ ಮೇಲೆ. ಹೆಂಡತಿಯ ಮಾತು ಕೇಳಿ ನಕ್ಕರು. ತಮ್ಮ ವಾದವೇನಿದ್ದರೂ ಕೋರ್ಟಿನಲ್ಲಿ, ಮನೆಯಲ್ಲಿ ಟೀಚರ್ ಹೇಳಿದ ಹಾಗೆಯೇ ಆಗಲಿ ಎಂದುಬಿಟ್ಟರು.

ನನಗೆ ಹೇಳಿಕೊಳ್ಳಲಾರದಷ್ಟು ಹಿಗ್ಗು. ಸಾಹೇಬರ ಕಪಾಟಿನಲ್ಲಿದ್ದ ವಿದೇಶಿ ಪತ್ರಿಕೆಗಳಲ್ಲಿ ಅಂಥ ಕೋಣೆಗಳ ಚಿತ್ರ ನೋಡಿದ್ದೆ. ಒಂದು ಆಸನ, ಒಂದು ಕಿಟಕಿ, ಒಂದೇ ಬಣ್ಣ, ಬೇರೇನೂ ಇಲ್ಲ. ಮೈಸೂರಿನಲ್ಲಿ ನಮ್ಮ ಹತ್ತಿರ ಬರುತ್ತಿದ್ದವರು ಕೇಳುತ್ತಿದ್ದುದು ಗುಲಾಬಿ ಗೋಡೆ, ಹೂವಿನ ಚಿತ್ತಾರದ ಸನ್‌ಮೈಕಾ. ಇಲ್ಲಿ ಸಣ್ಣ ಊರಿನ ಒಬ್ಬ ಶಾಲಾ ಟೀಚರ್ ತಾವಾಗಿಯೇ ಬೂದು ಬಣ್ಣ ಕೇಳುತ್ತಿದ್ದಾರೆ. ನಮ್ಮಿಬ್ಬರದೂ ಒಂದೇ ಅಭಿರುಚಿ ಎಂದುಕೊಂಡೆ. ಯಾಕೆ ಬೂದು ಎಂದು ಒಮ್ಮೆ ಕೇಳಿದ್ದಕ್ಕೆ, ಕಣ್ಣಿಗೆ ಹಿತವಾಗಿರುತ್ತದೆ ಎಂದಿದ್ದರು. ಎಲ್ಲರೂ ಆಡುವ ಮಾತು ಎಂದು ನಾನದನ್ನು ಅಲ್ಲಿಗೇ ಬಿಟ್ಟೆ.

ಕಾಗದದ ಮೇಲೆ ಬೂದು ಬಣ್ಣ ಸುಲಭ. ಗೋಡೆಗೆ ಬಂದರೆ ಕಷ್ಟ. ಹಸಿಯಿದ್ದಾಗ ಮೋಡದ ಹಾಗೆ ಕಪ್ಪಾಗಿ ಕಂಡದ್ದು ಒಣಗಿದ ಮೇಲೆ ಸುಣ್ಣದಷ್ಟೇ ಬೆಳ್ಳಗಾಗುತ್ತಿತ್ತು. ಬೆಳಿಗ್ಗೆ ಸರಿಯಾಗಿ ಕಂಡದ್ದು ಸಂಜೆಯ ಬಿಸಿಲಿಗೆ ಕಂದು, ಟ್ಯೂಬ್‌ಲೈಟಿಗೆ ನೀಲಿ. ಕಪ್ಪು ಪುಡಿಯನ್ನು ಬೇರೆ ಬೇರೆ ಅಳತೆಯಲ್ಲಿ ಡಿಸ್ಟೆಂಪರಿಗೆ ಬೆರೆಸಿ ಗೋಡೆಯ ಮೇಲೆ ಚೌಕ ಚೌಕವಾಗಿ ಬಳಿಸಿ, ಪೂರ್ತಿ ಒಣಗಲು ಬಿಟ್ಟು ಟೀಚರನ್ನು ಕರೆದೆ. ಅವರು ಗೋಡೆಗೆ ತೀರಾ ಹತ್ತಿರ ಹೋಗಿ ನಿಂತು, ಒಂದೊಂದು ಚೌಕದ ಮೇಲೂ ಅಂಗೈ ಇಟ್ಟು ನೋಡಿ, ಇದರಲ್ಲಿ ನನಗಿಂತ ನಿಮಗೆ ಚೆನ್ನಾಗಿ ಗೊತ್ತಿರುತ್ತೆ, ನೀವೇ ಹೇಳಿ ಎಂದರು. ಅದನ್ನು ನಾನು ನನ್ನ ಮೇಲಿನ ನಂಬಿಕೆ ಎಂದು ತಿಳಿದೆ.

ಮೇಸ್ತ್ರಿ ತಗಡೂರಿನವನು. ನಮ್ಮ ಕಚೇರಿಯ ಸಣ್ಣಪುಟ್ಟ ಕೆಲಸಗಳನ್ನೆಲ್ಲ ಅವನೇ ಮಾಡುತ್ತಿದ್ದ. ಅವನಿಗೆ ಈ ಕೆಲಸ ಮೊದಲಿನಿಂದಲೂ ಹಿಡಿಸಲಿಲ್ಲ. "ಇದೇನವ್ವ ಇದು, ಗಿಲಾವು ಮಾಡಿ ಸುಣ್ಣ ಒಡೀದೆ ಬುಟ್ಟೋಗವ್ರೆ ಅಂತಾರೆ ನೋಡ್ದೋರು," ಎಂದು ಗೊಣಗುತ್ತಲೇ ಕೆಂಪು ನೆಲವನ್ನು ಕಿತ್ತ. ಹೊಸ ನೆಲಕ್ಕೆ ಸಿಮೆಂಟಿನ ಜೊತೆ ಸ್ವಲ್ಪ ಕಪ್ಪು ಪುಡಿ ಸೇರಿಸಿ ಮರದ ಹಲಗೆಯಲ್ಲಿ ಉಜ್ಜಿದರೆ ಸಾಕು, ಕರಣೆ ಆಡಿಸಬೇಡ, ಹೊಳಪು ಬರಬಾರದು ಎಂದು ಹೇಳಿ ನಾನು ನಂಜನಗೂಡಿಗೆ ಹೋಗಿದ್ದೆ. ಮಾರನೇ ದಿನ ಬಂದು ನೋಡಿದರೆ ನೆಲ ಫಳಫಳ. ಅಭ್ಯಾಸಬಲದಿಂದ ಮೇಲೆ ಒಣ ಸಿಮೆಂಟು ಉದುರಿಸಿ ಕರಣೆಯಿಂದ ತೀಡಿಬಿಟ್ಟಿದ್ದ. ನೀರು ಕಟ್ಟಿ ನೆಲ ಗಟ್ಟಿಯಾದ ಮೇಲೆ ಅವನಿಂದಲೇ ಉಜ್ಜುಗಲ್ಲಿನಲ್ಲಿ ತಿಕ್ಕಿಸಿ ಹೊಳಪು ತೆಗೆಸಿದೆ. ಅದಕ್ಕೆ ವಾರವೇ ಹಿಡಿಯಿತು. ಕೊನೆಗೆ ನೆಲ ಅಂಗೈಗೆ ಸಣ್ಣಗೆ ತರಿತರಿಯಾಗಿ ಹತ್ತುವ ಹಾಗೆ ಬಂತು, ಮೇಲೆ ನೀರು ಚೆಲ್ಲಿದರೂ ಜಾರುತ್ತಿರಲಿಲ್ಲ.

ಆ ನಡುವೆ ಒಂದು ದಿನ ನಾನು ಬಸ್ಸು ಇಳಿಯುವಾಗ ಟೀಚರ್ ಶಾಲೆಯಿಂದ ಎದುರಿಗೇ ಬರುತ್ತಿದ್ದರು. ನಕ್ಕೆ. ಅವರು ನನ್ನ ಮುಖದ ಕಡೆಯೇ ನೋಡುತ್ತ ಬಂದು, ಪಕ್ಕದಲ್ಲೇ ಹಾದು ಹೊರಟುಹೋದರು. ಬಸ್‌ಸ್ಟ್ಯಾಂಡಿನ ಜನರೆದುರು ಹಾಗೆ ನಿಂತುಬಿಟ್ಟ ನನಗೆ ಮುಖ ಬಿಸಿಯಾಯಿತು. ಅವರದು ಮಠದ ನಂಟಿದ್ದ, ಓದುಬರಹದ ಮನೆತನ. ನಮ್ಮದು ಗದ್ದೆ ಕೆಲಸದವರ ಮನೆ. ಒಳಗೆ ಕೂರಿಸಿ ಕಾಫಿ ಕೊಡುತ್ತಾರೆ, ಬೀದಿಯಲ್ಲಿ ಗುರುತು ಹಿಡಿಯುವುದಿಲ್ಲ ಎಂದುಕೊಂಡೆ. ಆ ವಿಷಯ ನಾನು ಎತ್ತಲಿಲ್ಲ. ಆದರೆ ಒಳಗೆ ಇಟ್ಟುಕೊಂಡೆ.

ಮೆಟ್ಟಿಲಿನ ಮಾತು ಬಂದದ್ದು ಆ ವಾರವೇ. ಹಜಾರದ ಮುಂಭಾಗ ಕಕ್ಷಿದಾರರಿಗೆ, ಹಿಂಭಾಗ ಮನೆಯವರಿಗೆ ಎಂದು ಎರಡು ಮಾಡಬೇಕಿತ್ತು. ನಡುವೆ ಗೋಡೆಯೋ ಪರದೆಯೋ ಹಾಕಿದರೆ ಕೋಣೆಯ ಅಂದ ಕೆಡುತ್ತದೆ. ಹಿಂಭಾಗದ ನೆಲವನ್ನೇ ಒಂದು ಮೆಟ್ಟಿಲಷ್ಟು ಎತ್ತರಿಸಿದರೆ ಗೋಡೆಯಿಲ್ಲದೆಯೇ ಎರಡಾಗುತ್ತದೆ ಎಂದು ನಾನು ಯೋಚಿಸಿದ್ದೆ. ಮೆಟ್ಟಿಲಿಗೂ ನೆಲದ್ದೇ ಬೂದು, ಅಂಚಿಗೆ ಪಟ್ಟಿ ಇಲ್ಲ. ಟೀಚರ್ ನಕ್ಷೆಯನ್ನು ನೋಡದೆ ನಾನು ಹೇಳಿದ್ದನ್ನು ಮಾತ್ರ ಕೇಳಿಸಿಕೊಂಡು, "ಆ ಮೆಟ್ಟಿಲು ಇರಲೇಬೇಕಾ?" ಎಂದರು. ಯಾಕೆ ಬೇಡ ಎಂದು ಕೇಳಿದರೆ ಕಾರಣ ಹೇಳಲಿಲ್ಲ. ಇನ್ನೊಂದು ದಿನವಾಗಿದ್ದರೆ ಬಿಟ್ಟುಕೊಡುತ್ತಿದ್ದೆನೇನೋ. ಅವತ್ತು ಬಿಡಲಿಲ್ಲ. ಈ ಕೆಲಸ ಕಲಿತವಳು ನಾನು, ನನ್ನ ಮಾತು ನಡೆಯಲಿ ಎಂಬ ಹಟ ಹತ್ತಿತ್ತು. ಮೆಟ್ಟಿಲಿಲ್ಲದಿದ್ದರೆ ಇಡೀ ವಿನ್ಯಾಸವೇ ಬಿದ್ದುಹೋಗುತ್ತದೆ ಎಂದು ವಾದಿಸಿದೆ. ಅವರು ಮೆಲ್ಲಗೆ, ಸರಿ ಹಾಗಾದರೆ ಎಂದರು.

ಉಳಿದದ್ದು ಬೇಗ ಬೇಗ ಆಯಿತು. ಗೋಡೆಯುದ್ದಕ್ಕೂ ಕೂರಲು ಇಟ್ಟಿಗೆಯ ಕಟ್ಟೆ, ಅದರ ಮೇಲೆ ಹತ್ತಿಯ ಹಾಸಿಗೆ. ಬದನವಾಳಿನಿಂದ ಖಾದಿ ತಂದು, ಅಳಲೆಕಾಯಿಯ ನೀರಿಗೆ ಕಬ್ಬಿಣದ ತುಕ್ಕಿನ ನೀರು ಬೆರೆಸಿ ಅದ್ದಿಸಿದೆ. ಹೊಗೆಯಂಥ ಬಣ್ಣ ಬಂತು. ಬಾಗಿಲಿನ ಚೌಕಟ್ಟಿನ ಬಣ್ಣಕ್ಕೆ ಟರ್ಪೆಂಟೈನ್ ಹೆಚ್ಚಿಗೆ ಬೆರೆಸಿ ಹೊಳಪು ಕೊಂದೆ. ಟ್ಯೂಬ್‌ಲೈಟನ್ನು ಮರದ ಮರೆಯ ಹಿಂದೆ ಇಟ್ಟು ಬೆಳಕು ಚಾವಣಿಗೆ ತಾಕಿ ಇಳಿಯುವ ಹಾಗೆ ಮಾಡಿದೆ. ಇಡೀ ಕೋಣೆಯಲ್ಲಿ ಬೇರೆ ಬಣ್ಣ ಉಳಿದದ್ದು ಒಳಬಾಗಿಲಿನ ಹೊಸಿಲಲ್ಲಿ ಮಾತ್ರ. ಟೀಚರ್ ಅದಕ್ಕೆ ದಿನವೂ ದಪ್ಪಗೆ ಅರಿಶಿನ ಬಳಿದು ಕುಂಕುಮ ಇಡುತ್ತಿದ್ದರು. ಸಾಹೇಬರು ಫೋಟೋ ತೆಗೆಯಲು ಬರುವವರೆಗೆ ಅದೊಂದನ್ನು ನಿಲ್ಲಿಸಬಹುದೇ ಎಂದು ಕೇಳಿದೆ. ಅವರು ತಡವರಿಸಿ ಒಪ್ಪಿಕೊಂಡರು. ಆಮೇಲೆ ಹೊಸಿಲು ದಾಟುವಾಗಲೆಲ್ಲ ಒಂದು ಗಳಿಗೆ ನಿಂತು ಕಾಲಿನಿಂದ ತಡವಿ ದಾಟುತ್ತಿದ್ದುದನ್ನು ನೋಡಿದೆ. ಅರಿಶಿನ ತಪ್ಪಿಸಿದ್ದಕ್ಕೆ ಮನಸ್ಸಿಗೆ ಕಸಿವಿಸಿ ಇರಬೇಕು ಎಂದುಕೊಂಡೆ.

ಸಾಹೇಬರು ಬಂದು, ಬಾಗಿಲಲ್ಲೇ ನಿಂತು ಗೋಡೆಯಿಂದ ಗೋಡೆಗೆ ಕಣ್ಣಾಡಿಸಿದರು. ಕೊನೆಗೆ, ಇಂಥದ್ದನ್ನು ನಾನೂ ಮಾಡಿಲ್ಲ ಎಂದರು. ಆ ಮಾತನ್ನು ನಾನು ಬಸ್ಸಿನಲ್ಲಿ ಮನೆಯವರೆಗೂ ಮತ್ತೆ ಮತ್ತೆ ನೆನೆದುಕೊಂಡು ಹೋದೆ.

ಇದಾಗಿ ಕೆಲವು ದಿನಗಳ ಮೇಲೆ ಕಿಟಕಿ ಪರದೆಯ ಸರಳು ಸರಿಮಾಡಿಸಲು ಹೋಗಿದ್ದೆ. ವಕೀಲರು ಕೋರ್ಟಿನಲ್ಲಿದ್ದರು. ಟೀಚರ್ ಒಳಗಿನಿಂದ ಎರಡು ಲೋಟ ಕಾಫಿ ಹಿಡಿದು ಬಂದರು. ಎರಡು ಕೈಯಲ್ಲೂ ಲೋಟ, ಗೋಡೆ ಹಿಡಿಯಲು ಕೈಯಿಲ್ಲ. ಮೆಟ್ಟಿಲಿನ ಹತ್ತಿರ ಬಂದಾಗ ಅವರ ಹೆಜ್ಜೆ ಸ್ವಲ್ಪವೂ ನಿಧಾನವಾಗಲಿಲ್ಲ. ಅಲ್ಲಿ ನೆಲ ಇದೆ ಎಂದೇ ಕಾಲಿಟ್ಟರು. ಬಿದ್ದ ಸದ್ದಿಗಿಂತ ಮೊದಲು ಲೋಟಗಳ ಸದ್ದು ಕೇಳಿಸಿತು. ನಾನು ಓಡಿಹೋಗಿ ಎತ್ತಿದಾಗ ಬಲಗೈ ಮಣಿಕಟ್ಟು ಆಗಲೇ ಸೊಟ್ಟಗಾಗಿತ್ತು. ನೋವಿನಲ್ಲೂ ಅವರು ಮೊದಲು ಹೇಳಿದ್ದು, "ಅವರಿಗೆ ಹೇಳ್ಬೇಡಿ."

ಏನು ಹೇಳಬಾರದು ಎಂಬುದು ಸರ್ಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ಗೊತ್ತಾಯಿತು. ಕೆಲವು ವರ್ಷಗಳಿಂದ ಅವರಿಗೆ ಕಣ್ಣು ಕಿರಿದಾಗುತ್ತ ಬಂದಿತ್ತು. ಕಣ್ಣ ಮುಂದೆ ಬಳೆ ಹಿಡಿದರೆ ಬಳೆಯ ಒಳಗಿನದಷ್ಟೇ ಕಾಣುವ ಹಾಗೆ, ನೇರ ಎದುರಿಗಿದ್ದದ್ದು ಕಾಣುತ್ತಿತ್ತು, ಅಕ್ಕಪಕ್ಕ ಏನೂ ಇಲ್ಲ. ಬಿಸಿಲಿನಲ್ಲಿ ಮುಖಗಳು ಹತ್ತಿರದಿಂದಲೂ ಗುರುತಾಗುತ್ತಿರಲಿಲ್ಲ. ಸಂಜೆಯಾದರೆ ಎದುರಿನದೂ ಕಾಣದು. ಮೈಸೂರಿನ ಕಣ್ಣಿನ ಡಾಕ್ಟರ ಹತ್ತಿರ ಒಬ್ಬರೇ ಹೋಗಿ ತೋರಿಸಿದ್ದರು. ಔಷಧಿ ಇಲ್ಲ, ಇನ್ನೂ ಕಿರಿದಾಗುತ್ತ ಹೋಗುತ್ತದೆ ಎಂದಿದ್ದರಂತೆ. ಶಾಲೆಯಲ್ಲಿ ಮಕ್ಕಳನ್ನು ದನಿಯಿಂದ ಗುರುತು ಹಿಡಿಯುತ್ತಾರೆ, ಪಾಠಗಳು ಬಾಯಿಗೆ ಬರುತ್ತವೆ. ಗಂಡನಿಗೆ ತಿಳಿದರೆ ಅಂದೇ ರಾಜೀನಾಮೆ ಕೊಡಿಸಿ ಮನೆಯಲ್ಲಿ ಕೂರಿಸುತ್ತಾರೆ ಎಂಬ ಭಯ.

"ಹಳೇ ಹಜಾರದ ಹೊಳಪು ಕಣ್ಣಿಗೆ ಚುಚ್ಚೋದು. ಸಾಮಾನೆಲ್ಲ ಕಾಲಿಗೆ ಸಿಗೋದು. ಅದಕ್ಕೇ ನಿಂಗೆ ಹಾಗೆ ಹೇಳಿದ್ದು. ಈಗ ಚುಚ್ಚಲ್ಲ ಕಣೆ. ಆದ್ರೆ ನೆಲ ಎಲ್ಲಿ ಮುಗಿಯತ್ತೆ, ಕಟ್ಟೆ ಎಲ್ಲಿ ಶುರುವಾಗತ್ತೆ, ಒಂದೂ ಗೊತ್ತಾಗಲ್ಲ."

ಅದುವರೆಗೆ ನನ್ನನ್ನು ನೀವು ಎನ್ನುತ್ತಿದ್ದವರು ಆ ಬೆಂಚಿನ ಮೇಲೆ ನೀನು ಎಂದರು. ಆ ಸಲಿಗೆಗೆ ನಾನು ಕುಗ್ಗಿಹೋದೆ. ಅವರು ಕೇಳಿದ್ದನ್ನು ನಾನು ಕೇಳಿಸಿಕೊಂಡೇ ಇರಲಿಲ್ಲ. ನನಗೆ ಬೇಕಾದ ಕೋಣೆಯನ್ನು ಅವರ ಮನೆಯಲ್ಲಿ ಕಟ್ಟಿದ್ದೆ. ಬೇಡವೆಂದ ಮೆಟ್ಟಿಲನ್ನು, ಬಸ್‌ಸ್ಟ್ಯಾಂಡಿನಲ್ಲಿ ಮಾತಾಡಿಸಲಿಲ್ಲ ಎಂಬ ಸಿಟ್ಟಿಗೆ, ಹಾಕಿಸಿದ್ದೆ. ಯಾರಿಗೂ ಹೇಳುವುದಿಲ್ಲ ಎಂದು ಅವರ ಎಡಗೈ ಹಿಡಿದು ಮಾತು ಕೊಟ್ಟೆ.

ವಕೀಲರಿಗೆ ಟೀಚರ್ ಹೇಳಿದ್ದು ನೆಲದ ಮೇಲೆ ನೀರಿತ್ತು, ಜಾರಿತು ಎಂದು. ಅದರ ಫಲ ಬೇರೆಯವರ ತಲೆಗೆ ಬಂತು. ಮೇಸ್ತ್ರಿ ಮೊದಲು ನೆಲವನ್ನು ಫಳಫಳ ಮಾಡಿದ್ದು ವಕೀಲರಿಗೆ ನೆನಪಿತ್ತು. ಆಮೇಲೆ ತಿಕ್ಕಿದ್ದು ಸಾಲದು, ಜಾರುವ ನೆಲ ಹಾಕಿ ನನ್ನ ಹೆಂಡತಿಯ ಕೈ ಮುರಿದ ಎಂದು ಹೇಳಿಕೊಂಡು ತಿರುಗಿದರು. ನಂಜನಗೂಡಿನಲ್ಲಿ ಅವರ ತಮ್ಮನ ಹೊಸ ಮನೆಯ ಕೆಲಸ ಮೇಸ್ತ್ರಿಗೆ ಎಂದು ನಿಶ್ಚಯವಾಗಿತ್ತು. ಅದನ್ನು ಬೇರೆಯವನಿಗೆ ಕೊಟ್ಟರು.

ಮೇಸ್ತ್ರಿ ನಮ್ಮ ಮನೆಗೇ ಬಂದ. ಒಳಗೆ ಕರೆದರೂ ಬರಲಿಲ್ಲ, ಜಗಲಿಯ ಮೇಲೆ ಕೂತ.

"ಆ ನೆಲ ಉಜ್ಜಿ ಉಜ್ಜಿ ಕೈ ಬೊಬ್ಬೆ ಎದ್ದೋಗಿತ್ತು ಕಣವ್ವ. ನೀವೇ ನಿಂತು ಮುಟ್ಟಿ ನೋಡುದ್ರಿ. ಜಾರತಿತ್ತಾ ಅದು, ನೀವೇ ಏಳಿ."

ಜಾರುತ್ತಿರಲಿಲ್ಲ ಎಂದೆ.

"ಮತ್ತೆ ಆ ವಕೀಲ್ರ ಮುಂದೆ ಯಾಕೆ ಸುಮ್ಕಿದ್ರಿ?"

ನಾನು ಮಾತಾಡುತ್ತೇನೆ ಎಂದಷ್ಟೇ ಹೇಳಿ ಕಳಿಸಿದೆ. ಅವನು ತಿರುಗಿ ನೋಡದೆ ಹೋದ.

ಮಾರನೇ ದಿನವೇ ವಕೀಲರನ್ನು ಕಂಡೆ. ಟೀಚರ ಗುಟ್ಟು ಬಿಟ್ಟುಕೊಡದೆ ಹೇಳಬಹುದಾದ ಸತ್ಯ ಒಂದಿತ್ತು. ನೆಲದ ತಪ್ಪಲ್ಲ, ಮೆಟ್ಟಿಲಿನ ತಪ್ಪು, ಆ ಮೆಟ್ಟಿಲು ನನ್ನ ಹಟ, ಮೇಸ್ತ್ರಿಯದೇನೂ ಇಲ್ಲ ಎಂದೆ. ವಕೀಲರು ಸಮಾಧಾನವಾಗಿಯೇ ಕೇಳಿಸಿಕೊಂಡರು. "ನೋಡಮ್ಮ, ಮೆಟ್ಟಿಲು ಎಲ್ಲರ ಮನೇಲೂ ಇರತ್ತೆ. ದಿನಾ ಓಡಾಡೋ ಮನೇಲಿ ಮೆಟ್ಟಿಲು ಕಾಣದೆ ಯಾರಾದ್ರೂ ಬೀಳ್ತಾರಾ? ಅವನನ್ನ ಉಳಿಸಕ್ಕೆ ನೀನು ಮೈಮೇಲೆ ಹಾಕ್ಕೋಬೇಡ." ಕಾಣಿಸುವುದಿಲ್ಲ ಎಂಬುದನ್ನು ಹೇಳದೆ ಅವರ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ಹೊರಡುವಾಗ ಅವರು ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. ಟೀಚರ್ ಇತ್ತೀಚೆಗೆ ಬದಲಾಗಿದ್ದಾಳೆ, ನೆಂಟರು ಎದುರಿಗೆ ಬಂದರೂ ಮಾತಾಡಿಸುವುದಿಲ್ಲವಂತೆ, ಗರ್ವ ಎನ್ನುತ್ತಾರೆ, ತಮ್ಮ ಜೊತೆಗೂ ಮೊದಲಿನ ಹಾಗಿಲ್ಲ, ತಾವೇನು ತಪ್ಪು ಮಾಡಿದ್ದೇವೋ ತಿಳಿಯದು ಎಂದು.

ಟೀಚರಿಗೆ ಮೇಸ್ತ್ರಿಯ ವಿಷಯ ತಿಳಿಸಿದೆ. ಅವರು ಪ್ಲಾಸ್ಟರಿನ ಕೈಯನ್ನು ಇನ್ನೊಂದು ಕೈಯಿಂದ ಸವರಿಕೊಂಡರು.

"ನಂಗೂ ಪಾಪ ಅನ್ಸತ್ತೆ. ಆದ್ರೆ ಅವನಿಗೆ ಬೇರೆ ಕೆಲಸ ಸಿಗತ್ತೆ ಕಣೆ. ನಂಗೆ ಈ ಕೆಲಸ ಬಿಟ್ರೆ ಇನ್ನೊಂದಿಲ್ಲ."

ಇನ್ನು ನಾನು ಮಾಡಬಹುದಾದದ್ದು ಕೋಣೆಯನ್ನು ಸರಿಮಾಡುವುದು ಒಂದೇ. ಸಾಹೇಬರಿಗೆ ಮೆಟ್ಟಿಲು ಒಡೆಯಬೇಕು ಎಂದಾಗ ಅವರಿಗೆ ನಿಜವಾಗಿಯೂ ನೋವಾಯಿತು. ಮೈಸೂರಿನ ಗಿರಾಕಿಗಳನ್ನು ಕರೆತಂದು ತೋರಿಸುವ ಯೋಚನೆ ಅವರದು. ಮನೆಯವರಿಗೆ ಬೇಡವಂತೆ ಎಂದೆ. ಅದು ಅವರ ಮನೆ, ನಿನ್ನಿಷ್ಟ ಎಂದು ಕೈಬಿಟ್ಟರು.

ಈ ಸಲ ನಕ್ಷೆಯನ್ನು ಮುಟ್ಟಲಿಲ್ಲ. ಟೀಚರ ಕಣ್ಣಿನಿಂದ ಶುರುಮಾಡಿದೆ. ಬೂದು ಬಣ್ಣ ಬದಲಿಸುವ ಅಗತ್ಯವಿರಲಿಲ್ಲ, ಅದು ಅವರಿಗೆ ಹಿತವಾಗಿಯೇ ಇತ್ತು. ಒಂದು ಬೂದಿನ ಪಕ್ಕ ಇನ್ನೊಂದು ಬೂದು ಎಷ್ಟು ಗಾಢವಾಗಿದ್ದರೆ ಅವರಿಗೆ ಬೇರೆಯಾಗಿ ಕಾಣುತ್ತದೆ ಎಂಬುದನ್ನು ಕಂಡುಕೊಳ್ಳಬೇಕಿತ್ತು. ಖಾದಿಯ ಚೂರುಗಳನ್ನು ತುಕ್ಕಿನ ನೀರಲ್ಲಿ ಕಡಿಮೆ ಹೊತ್ತು, ಹೆಚ್ಚು ಹೊತ್ತು ಬಿಟ್ಟು ತೆಳುವಿನಿಂದ ಗಾಢದವರೆಗೆ ಪಟ್ಟಿಗಳನ್ನು ಮಾಡಿಕೊಂಡೆ. ಟೀಚರನ್ನು ಕಟ್ಟೆಯ ಮೇಲೆ ಕೂರಿಸಿ, ನೆಲದ ಮೇಲೆ, ಗೋಡೆಗೆ, ಬಾಗಿಲಿಗೆ ಒಂದೊಂದೇ ಪಟ್ಟಿ ಹಿಡಿದು ಕೇಳುವುದು. ಬಿಸಿಲಲ್ಲಿ ಒಮ್ಮೆ, ಮೋಡ ಕವಿದಾಗ ಒಮ್ಮೆ, ಟ್ಯೂಬ್‌ಲೈಟಿನಲ್ಲಿ ಒಮ್ಮೆ. ನಾನು ಇಷ್ಟೊಂದು ವ್ಯತ್ಯಾಸವಿದೆ ಎಂದುಕೊಂಡ ಬೂದುಗಳು ಅವರಿಗೆ ಒಂದೇ ಆಗಿ ಕಾಣುತ್ತಿದ್ದವು. ತೆಳು ಬೂದು ಗೋಡೆಗೆ ಹೆಚ್ಚುಕಡಿಮೆ ಕಾಡಿಗೆಯಷ್ಟು ಕಪ್ಪು ಹತ್ತಿರ ಬಂದರೆ ಮಾತ್ರ, ಹಾಂ, ಅಲ್ಲೊಂದು ಗೆರೆ ಇದೆ ಎನ್ನುತ್ತಿದ್ದರು. ಸ್ಟೀಲಿನ ಲೋಟ ತೆಳು ಬಟ್ಟೆಯ ಮೇಲೆ ಮಾಯ, ಕಪ್ಪು ಬಟ್ಟೆಯ ಮೇಲೆ ಸ್ಪಷ್ಟ. ಆ ದಿನಗಳಲ್ಲಿ ನಾವಿಬ್ಬರೂ ಹತ್ತಿರವಾದೆವು. ಅವರು ನಗುತ್ತಿದ್ದರು ಕೂಡ.

ವಕೀಲರು ಕೋರ್ಟಿಗೆ ಹೋದ ಮೇಲೆ, ಬರುವ ಮೊದಲು ಇದೆಲ್ಲ ಮುಗಿಯಬೇಕಿತ್ತು. ಒಂದು ದಿನ ಊರಿನ ಹಿರಿಯ ವಕೀಲರೊಬ್ಬರು ತೀರಿಕೊಂಡು ಕೋರ್ಟು ಬೇಗ ಮುಗಿದಿತ್ತು. ಚಪ್ಪಲಿ ಹೊರಗೆ ಬಿಟ್ಟು ವಕೀಲರು ಬರಿಗಾಲಲ್ಲಿ ಒಳಗೆ ಬಂದರು. ಟೀಚರ್ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನಾನು ಎದುರಿನ ಗೋಡೆಗೆ ಪಟ್ಟಿ ಹಿಡಿದು ನಿಂತಿದ್ದೆ.

"ಇದು ಕಾಣತ್ತಾ ಟೀಚರ್?"

"ಇಲ್ಲ."

ವಕೀಲರು ಟೀಚರ ಬಲಗಡೆಯ ಗೋಡೆಯ ಪಕ್ಕ ಬಂದು ನಿಂತರು. ಹೆಂಡತಿಗೂ ಅವರಿಗೂ ನಡುವೆ ಒಂದು ಮಾರು ದೂರವಿದ್ದಿರಬಹುದು. ಏನು ನಡೆಯುತ್ತಿದೆ ಎಂದು ಅವರಿಗೆ ಇನ್ನೂ ತಿಳಿದಿರಲಿಲ್ಲ, ಏನೋ ತಮಾಷೆ ಎಂಬ ಹಾಗೆ ಮುಖದಲ್ಲಿ ಸಣ್ಣ ನಗೆಯಿತ್ತು. ನಾನು ಅವರನ್ನು ನೋಡಿದೆ. ವಕೀಲರು ಬಂದರು ಎಂದು ಆಗಲೇ ಹೇಳಬೇಕಿತ್ತು. ಟೀಚರ್ ಎದ್ದು, ಹೊಸ ಬಣ್ಣ ನೋಡುತ್ತಿದ್ದೆವು ಎಂದು ಏನಾದರೂ ಹೇಳಿ ಮುಚ್ಚಿಕೊಳ್ಳುತ್ತಿದ್ದರು. ಜಗಲಿಯ ಮೇಲೆ ಕೂತು ನನ್ನನ್ನು ಪ್ರಶ್ನೆ ಕೇಳಿದ ಮೇಸ್ತ್ರಿಯ ಮುಖ ನೆನಪಿಗೆ ಬಂತು. ತಾವೇನು ತಪ್ಪು ಮಾಡಿದ್ದೇವೋ ಎಂದ ವಕೀಲರ ಮಾತೂ ಬಂತು. ಕೊಟ್ಟ ಮಾತೂ ನೆನಪಿತ್ತು. ಅಷ್ಟೆಲ್ಲ ನೆನಪಿದ್ದುಕೊಂಡೇ ನಾನು ಇನ್ನೊಂದು ಪಟ್ಟಿ ಎತ್ತಿ ಹಿಡಿದೆ.

"ಇದು?"

"ಊಹೂಂ. ಇದೂ ಇಲ್ಲ."

ವಕೀಲರ ನಗೆ ನಿಂತಿತು.

"ಬಲಗಡೆ ಗೋಡೆ ಹತ್ರ ಏನಿದೆ ಹೇಳಿ."

ಟೀಚರ್ ತಲೆಯನ್ನು ಆ ಕಡೆ ಸ್ವಲ್ಪ ತಿರುಗಿಸಿದರು. ಅಷ್ಟು ತಿರುಗಿಸಿದ್ದು ಅವರಿಗೆ ಸಾಲದು ಎಂದು ನನಗೆ ಗೊತ್ತಿತ್ತು.

"ಏನೂ ಇಲ್ಲ," ಎಂದರು.

ಆಮೇಲೆ ವಕೀಲರು ತೀರಾ ಮೆಲ್ಲಗೆ ಹೇಳಿದರು.

"ನಾನಿದ್ದೀನಿ ಕಣೇ."

ಟೀಚರ್ ತಟ್ಟನೆ ಎದ್ದುನಿಂತರು. ವಕೀಲರು ಬಂದು ಅವರ ಭುಜ ಹಿಡಿದು ಕೂರಿಸಿ, ತಾವೂ ಪಕ್ಕದಲ್ಲಿ ಕೂತರು. ಎಷ್ಟು ದಿನದಿಂದ ಎಂದು ಕೇಳಿದರು. ಉತ್ತರ ಬರಲಿಲ್ಲ. ಕೋರ್ಟಿನಲ್ಲಿ ಸಾಕ್ಷಿಗಳ ಬಾಯಿ ಬಿಡಿಸುವ ಮನುಷ್ಯ ಮತ್ತೆ ಕೇಳಲಿಲ್ಲ. ಬೀದಿಯ ಮಾತುಗಳನ್ನೆಲ್ಲ ತಂದು ನಿನ್ನ ಮುಂದೆ ಹೇಳುತ್ತಿದ್ದೆನಲ್ಲ, ಗರ್ವ ಎಂದು ನಾನೂ ನಂಬಿದೆನಲ್ಲ ಎಂದು ಮಾತ್ರ ಹೇಳಿಕೊಂಡರು. ಅಷ್ಟರಲ್ಲಿ ಟೀಚರ್ ನನ್ನ ಕಡೆ ತಿರುಗಿದರು. ಈ ಸಲ ಪೂರ್ತಿ ತಿರುಗಿದರು.

"ಇವರು ಬಂದದ್ದನ್ನ ನೀವು ನೋಡಿದ್ರಿ."

ಹೌದು ಎಂದೆ.

"ನೋಡಿಯೂ ಕೇಳಿದ್ರಿ."

ಹೌದು ಎಂದೆ. ಅವರು ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋದರು. ವಕೀಲರು ಹಿಂದೆಯೇ ಹೋದರು. ನಾನು ನೆಲದ ಮೇಲೆ ಹರಡಿದ್ದ ಪಟ್ಟಿಗಳನ್ನು ಒಂದೊಂದಾಗಿ ಮಡಿಸಿ ಚೀಲಕ್ಕೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದೆ. ನಂಜನಗೂಡಿನ ಬಸ್ಸು ಒಂದು ಹೋಯಿತು. ಹತ್ತಬೇಕೆಂದೇ ತೋಚಲಿಲ್ಲ.

ಕೆಲಸ ಅಲ್ಲಿಗೆ ನಿಂತುಹೋಗುತ್ತದೆ ಎಂದುಕೊಂಡಿದ್ದೆ. ನಿಲ್ಲಲಿಲ್ಲ. ವಕೀಲರು ತಾವೇ ತಗಡೂರಿಗೆ ಹೋಗಿ ಮೇಸ್ತ್ರಿಯನ್ನು ಕಂಡು, ಏನು ಹೇಳಿದರೋ, ಕರೆದುಕೊಂಡು ಬಂದರು. ತಮ್ಮನ ಮನೆಯ ಕೆಲಸವನ್ನೂ ತಿರುಗಿ ಕೊಡಿಸಿದರು. ಮೇಸ್ತ್ರಿ ನನ್ನ ಜೊತೆ ಕೆಲಸಕ್ಕೆ ಬೇಕಾದಷ್ಟು ಮಾತ್ರ ಮಾತಾಡಿದ. ಮೆಟ್ಟಿಲು ಒಡೆದು, ಹಳೆಯ ನೆಲವನ್ನು ಉಳಿಯಿಂದ ಕೊಚ್ಚಿ, ಹಿಂದಿನಿಂದ ಮುಂದಿನವರೆಗೆ ಒಂದೇ ಮಟ್ಟಕ್ಕೆ ಗಾಢ ಬೂದು ಬಣ್ಣದ ಹೊಸ ನೆಲ ಹಾಕಿದೆವು. ಈ ಸಲ ಮಿಶ್ರಣವನ್ನೆಲ್ಲ ಒಟ್ಟಿಗೇ ಕಲಸಿಸಿ, ಮುಗಿಯುವವರೆಗೆ ನಾನೂ ಪಕ್ಕದಲ್ಲೇ ನಿಂತಿದ್ದೆ. ಗೋಡೆ ತೆಳು ಬೂದು. ಗೋಡೆ ನೆಲಕ್ಕೆ ಸೇರುವಲ್ಲಿ ಅಂಗೈ ಅಗಲದ ಕಪ್ಪು ಪಟ್ಟಿ. ಕಟ್ಟೆಯ ಅಂಚು ಕಪ್ಪು, ಬಾಗಿಲಿನ ಚೌಕಟ್ಟು ಕಪ್ಪು, ಸ್ವಿಚ್ಚುಗಳ ಹಲಗೆ ಕಪ್ಪು. ಹೊಸಿಲಿನ ಅರಿಶಿನವನ್ನು ಟೀಚರ್ ಕೆಲಸ ಮುಗಿಯುವ ಮೊದಲೇ ಮತ್ತೆ ಬಳಿದುಕೊಂಡಿದ್ದರು. ಅದು ಬಿಟ್ಟರೆ ತೆಳುವಿನಿಂದ ಕಪ್ಪಿನವರೆಗೆ ಒಂದೇ ಬಣ್ಣ, ಹೊಳಪಿಲ್ಲ, ನೆಲದ ಮೇಲೆ ಏನೂ ಇಲ್ಲ. ಸಾಹೇಬರು ನೋಡಲು ಬರಲಿಲ್ಲ, ನಾನೂ ಕರೆಯಲಿಲ್ಲ.

ಕೊನೆಯ ದಿನ ಟೀಚರ್ ಹಜಾರದ ತುಂಬ ನಡೆದರು. ಗೋಡೆ ಹಿಡಿಯದೆ ಕಟ್ಟೆಯವರೆಗೆ ಹೋಗಿ, ಅದರ ಅಂಚಿನ ಎದುರು ನಿಂತು, ತಿರುಗಿ ಕೂತರು.

"ಚೆನ್ನಾಗಿ ಮಾಡಿದ್ದೀರಿ," ಎಂದರು. ಅಷ್ಟೇ. ನೀವು ಎಂದೇ ಹೇಳಿದರು.

ಅವರು ಹೆದರಿದ್ದ ಹಾಗೆ ವಕೀಲರು ರಾಜೀನಾಮೆ ಕೊಡಿಸಲಿಲ್ಲ. ಮುಖ್ಯೋಪಾಧ್ಯಾಯಿನಿಯವರ ಹತ್ತಿರ ಇಬ್ಬರೂ ಹೋಗಿ ವಿಷಯ ತಿಳಿಸಿ ಬಂದರು. ಬೆಳಿಗ್ಗೆ ಶಾಲೆಯ ಬಾಗಿಲವರೆಗೆ ವಕೀಲರು ಜೊತೆಗೆ ನಡೆಯುತ್ತಿದ್ದರು. ಹೀಗೆ ಇನ್ನೂ ಕೆಲವು ವರ್ಷ ಪಾಠ ಮಾಡಿ, ಬಳೆಯ ಒಳಗಿನದೂ ಮಸುಕಾದ ಮೇಲೆ ತಾವಾಗಿಯೇ ಬಿಟ್ಟರು. ಇದೆಲ್ಲ ನನಗೆ ಬೇರೆಯವರಿಂದ ತಿಳಿದದ್ದು. ಒಳ್ಳೆಯದೇ ಆಯಿತಲ್ಲ ಎಂದು ನಮ್ಮ ಕಚೇರಿಯಲ್ಲಿ ಒಬ್ಬರು ಹೇಳಿದರು. ಆಗಿತ್ತು ನಿಜ. ಆದರೆ ಅದನ್ನು ಹೇಳುವ, ಅಥವಾ ಹೇಳದೆ ಇರುವ ಹಕ್ಕು ಟೀಚರದಾಗಿತ್ತು. ಕಾಣದ ಅವರನ್ನು ಗಂಡನ ಮುಂದೆ ಕೂರಿಸಿ ನಾನು ಆ ಹಕ್ಕನ್ನು ಕಿತ್ತುಕೊಂಡಿದ್ದೆ. ಮೇಸ್ತ್ರಿಗೆ ಕೆಲಸ ಸಿಕ್ಕಿದ್ದನ್ನು ನೆನೆದರೂ ಆ ಪ್ರಶ್ನೆಯನ್ನು ಕೇಳಿದ ನನ್ನ ದನಿ ನನಗೆ ಕೇಳಿಸುತ್ತಲೇ ಇತ್ತು. ಅದರಲ್ಲಿ ಸ್ವಲ್ಪವೂ ನಡುಕವಿರಲಿಲ್ಲ.

ಆ ಊರಿಗೆ ಹೋಗುವುದನ್ನು ಬಹಳ ಕಾಲ ತಪ್ಪಿಸಿದೆ. ಆ ದಶಕ ಮುಗಿಯುವ ಹೊತ್ತಿಗೆ, ಅಲ್ಲೇ ಹತ್ತಿರದ ಒಂದು ಕಟ್ಟಡದ ಕೆಲಸಕ್ಕೆ ಹೋದಾಗ, ಕಾಲು ತಾನಾಗಿ ಆ ಬೀದಿಗೆ ತಿರುಗಿತು. ಹೊರಗಿನ ಬಾಗಿಲು ತೆರೆದಿತ್ತು. ವಕೀಲರು ನನಗಿಂತ ಸ್ವಲ್ಪ ಮುಂದೆ ಬೀದಿಯಿಂದ ಬಂದು, ಕೈತುಂಬ ಫೈಲು ಹಿಡಿದುಕೊಂಡೇ, "ನಾನು ಬಂದೆ," ಎಂದು ಬಾಗಿಲಲ್ಲಿ ಹೇಳಿ ಒಳಗೆ ಹೋದರು. ನನ್ನನ್ನು ಅವರು ನೋಡಲಿಲ್ಲ. ನಾನು ಬಾಗಿಲಿನವರೆಗೆ ಹೋಗಿ ನಿಂತೆ.

ವಕೀಲರು ಒಳಕೋಣೆಗೆ ಹೋಗಿಯಾಗಿತ್ತು. ಟೀಚರ್ ಕಟ್ಟೆಯ ಮೇಲೆ ಕೂತು ಹೂ ಕಟ್ಟುತ್ತಿದ್ದರು. ಕೂದಲು ಪೂರ್ತಿ ನೆರೆತಿತ್ತು. ಮುಖ ಬಾಗಿಲಿನ ಕಡೆಗೇ ಇತ್ತು. ಮಾತಾಡಿಸದೆ ಅವರ ಬೆರಳುಗಳನ್ನೇ ನೋಡುತ್ತ ನಿಂತೆ. ಕಾಣದವರ ಎದುರು ಸದ್ದಿಲ್ಲದೆ ನಿಂತು ನೋಡುವುದು ಇದು ಎರಡನೇ ಸಲ ಎಂಬುದು ಹೊಳೆಯಿತು. ಹಿಂದಕ್ಕೆ ಹೋಗಿಬಿಡಲೇ ಎಂದು ಯೋಚಿಸಿದೆ. ಕೊನೆಗೆ ಹೇಗೋ, "ನಾನು ಟೀಚರ್, ನಂಜನಗೂಡಿನವಳು," ಎಂದೆ.

ಅವರ ಬೆರಳುಗಳು ಹೂವಿನ ಮೇಲೆ ನಿಲ್ಲಲಿಲ್ಲ. ಒಂದು ಗಂಟು ಹಾಕಿ ದಾರ ಎಳೆದರು.

"ಗೊತ್ತು. ಬಂದು ನಿಂತು ಎಷ್ಟು ಹೊತ್ತಾಯ್ತು," ಎಂದರು. "ಒಳಗೆ ಬಾ."